ರೇಷ್ಮೆಗೂಡಿನ ಸೋಡಿಯಂ

ಈಗಿನ ಮಕ್ಕಳು ಪರಮಾಣುವಿನ ಮಾದರಿಗೆ ಬಣ್ಣದ ಚೆಂಡುಗಳನ್ನು ಅಂಗಡಿಯಿಂದಲೇ ತರುತ್ತಾರೆ, ಪುಣ್ಯವಂತರು. ಎಂಬತ್ತರ ದಶಕದಲ್ಲಿ ಹೋಳೂರಿನ ಹತ್ತಿರದ ನಮ್ಮೂರಲ್ಲಿ ನನಗೆ ಸಿಕ್ಕಿದ್ದು ರೇಷ್ಮೆಗೂಡು. ಮನೆ ತುಂಬ ಹುಳುವಿನ ತಟ್ಟೆಗಳು. ನಾವು ಮಲಗುತ್ತಿದ್ದುದು ಅವು ಸೊಪ್ಪು ಮೇಯುವ ಸದ್ದಿನ ಪಕ್ಕದಲ್ಲೇ. ಆ ಸದ್ದು ಈಗಲೂ ಬೇಕೆನಿಸುತ್ತದೆ.

ನಾನಾಗ ಹತ್ತನೇ ತರಗತಿ. ಹೆಣ್ಣುಮಗಳಿಗೆ ಕೋಲಾರದ ಕಾಲೇಜು, ಅದೂ ಸೈನ್ಸು, ಯಾಕೆ ಎಂದು ಅಪ್ಪನ ವಾದ. ವಿಜ್ಞಾನದ ಮೇಷ್ಟ್ರು ಮನೆಗೇ ಬಂದು ಕೇಳಿಕೊಂಡ ಮೇಲೆ, ಶಾಲೆಮಕ್ಕಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಬಂದು ಇವಳು ಏನು ಕಲಿತಿದ್ದಾಳೋ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದರು ಅಪ್ಪ. ಅಲ್ಲಿಗೆ ನನ್ನ ಕಾಲೇಜು ಆ ಒಂದು ಮಾದರಿಯ ಮೇಲೆ ನಿಂತಿತು.

ಉಪ್ಪಿನಲ್ಲಿರುವ ಸೋಡಿಯಂ ಆರಿಸಿಕೊಂಡೆ. ರಾಶಿ ಸಂಖ್ಯೆ ಇಪ್ಪತ್ತಮೂರು. ಅದರಲ್ಲಿ ಪ್ರೋಟಾನು ಹನ್ನೊಂದನ್ನು ಕಳೆದರೆ ನ್ಯೂಟ್ರಾನು ಹನ್ನೆರಡು. ನಮ್ಮ ಮನೆಯ ಹಳದಿ ಗೂಡು ಪ್ರೋಟಾನಾಯಿತು, ಪಕ್ಕದ ಮನೆಯ ಹೊಸ ತಳಿಯ ಬಿಳಿ ಗೂಡು ನ್ಯೂಟ್ರಾನಾಯಿತು. ಗೋಂದು ಹಚ್ಚಿ ಎಲ್ಲವನ್ನೂ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿನಂತೆ ಉಂಡೆ ಮಾಡಿದೆ. ಬಿಸಿಲಿಗಿಟ್ಟು ಒಳಗಿನ ಹುಳು ಸಾಯಿಸು, ಇಲ್ಲದಿದ್ದರೆ ಚಿಟ್ಟೆಯಾಗಿ ಗೂಡು ತೂತು ಮಾಡುತ್ತವೆ ಎಂದು ಅಜ್ಜಿ ಬಡಕೊಂಡರು. ನನಗೆ ಮನಸ್ಸು ಬರಲಿಲ್ಲ. ಪ್ರದರ್ಶನ ಹೇಗೂ ಆ ವಾರವೇ ಇತ್ತಲ್ಲ. ಯಾರೋ ಅಧಿಕಾರಿಗೆ ಪುರುಸೊತ್ತಿಲ್ಲವೆಂದು ಅದು ಮುಂದಕ್ಕೆ ಹೋಯಿತು. ಹುಳು ಸರ್ಕಾರದ ಮಾತು ಕೇಳುತ್ತದೆಯೇ?

ಕೊನೆಗೂ ಒಂದು ಬೆಳಿಗ್ಗೆ ಕೋಲಾರದಲ್ಲಿ ತೀರ್ಪುಗಾರರು ನನ್ನ ಮೇಜಿಗೆ ಬಂದರು. ಪ್ರೋಟಾನುಗಳು ಒಂದನ್ನೊಂದು ದೂರ ತಳ್ಳುತ್ತವೆ ಎಂದು ನಾನು ವಿವರಿಸುತ್ತಿರುವಾಗಲೇ ಒಂದು ನ್ಯೂಟ್ರಾನಿನ ತುದಿ ಒದ್ದೆಯಾಯಿತು. ತೂತು ಬಿತ್ತು. ಚಿಟ್ಟೆಯೊಂದು ರೆಕ್ಕೆ ಒದರುತ್ತ ಹೊರಗೆ ಬಂತು, ಹಿಂದೆಯೇ ಇನ್ನೊಂದು. ಮಕ್ಕಳೆಲ್ಲ ಮುತ್ತಿಕೊಂಡು ಕೇಕೆ ಹಾಕಿದರು. ತೀರ್ಪುಗಾರರು ನಕ್ಕು ಮುಂದಿನ ಮೇಜಿಗೆ ಹೋದರು. ಬಹುಮಾನ ಹಾಳಾಗಲಿ, ಅಪ್ಪ ಅಲ್ಲೇ ಗೋಡೆಗೊರಗಿ ನಿಂತು ಎಲ್ಲ ನೋಡಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಮಾದರಿಯ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಾಲೇಜಿನ ಆಸೆ ಬಿಟ್ಟು ನಾನು ಕಿಟಕಿಯ ಕಡೆ ತಿರುಗಿ ಅಳುತ್ತಿದ್ದೆ. ಊರು ಹತ್ತಿರ ಬಂದಾಗ ಅವರು ಡಬ್ಬ ತೆರೆದು, ಉಂಡೆಯನ್ನು ಬೆರಳಲ್ಲಿ ಒತ್ತಿ ನೋಡಿದರು.

"ಪಾಪ, ಈ ಹಳದೀವು ಒಂದನ್ನೊಂದು ತಳ್ತವೆ ಅಂದ್ಯಲ್ಲ. ನೀನೇನೋ ಗೋಂದು ಹಾಕಿ ಅಂಟಿಸ್ದೆ. ನಿಜವಾದ್ದರಲ್ಲಿ ಯಾವ ಗೋಂದೈತೆ?"

ನಾನು ಮೂಗು ಒರೆಸಿಕೊಂಡು, ಅದು ನಮ್ಮ ಪುಸ್ತಕದಲ್ಲಿಲ್ಲಪ್ಪ, ಕಾಲೇಜಿನ ಪುಸ್ತಕದಲ್ಲಿದೆಯಂತೆ ಎಂದೆ.

ಅಪ್ಪ ಮುಚ್ಚಳ ಹಾಕಿದರು. ಚಿಟ್ಟೆಗಳಿಗೆ ಗಾಳಿಯಾಡಲೆಂದು ಸ್ವಲ್ಪ ಸಂದು ಬಿಟ್ಟರು.

"ಅಂಗಾದ್ರೆ ಓದ್ಕೊಂಡ್ ಬಂದು ನಂಗೂ ಹೇಳು."