ಕತ್ತರಿ ದೊಡ್ಡಮ್ಮ ತೆಗೆದ ಫೋಟೋ

ನಮ್ಮ ದೊಡ್ಡಮ್ಮ ಬಟ್ಟೆ ಹೊಲಿಯುವವಳು. ಬೀದಿಯವರು ಅವಳಿಗಿಟ್ಟ ಹೆಸರು ಕತ್ತರಿ. ಅದು ಕಸುಬಿಗಿಂತ ಹೆಚ್ಚಾಗಿ ನಾಲಿಗೆಗೆ ಸಿಕ್ಕ ಬಿರುದು. ಹೊಲಿದ ಪ್ರತಿ ಬಟ್ಟೆಯ ಫೋಟೋ ತೆಗೆದಿಡಲು ಒಂದು ಅಗ್ಗದ ಕ್ಯಾಮೆರಾ ಇಟ್ಟುಕೊಂಡಿದ್ದಾಳೆ. ಗಿರಾಕಿ ಆಮೇಲೆ ತಕರಾರು ತೆಗೆದರೆ ಬಾಯಿ ಮುಚ್ಚಿಸಬೇಕಲ್ಲ!

ಅವಳ ಮಗಳು, ನನ್ನ ಅಕ್ಕ, ಗಡಿಯಾರದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಅಲ್ಲಿ ವಾಚೊಂದು ಕಾಣೆಯಾಯಿತು. ಮಾಲೀಕ ಹಿಂದೆಮುಂದೆ ನೋಡದೆ, ಗಿರಾಕಿಗಳ ಎದುರೇ ಅಕ್ಕನ ಬ್ಯಾಗನ್ನು ಮೇಜಿನ ಮೇಲೆ ಸುರಿದ. ಏನೂ ಸಿಗಲಿಲ್ಲ. ಆದರೂ ಕಳ್ಳಿ ಎಂದು ಹೊರಗೆ ಹಾಕಿದ. ಆಮೇಲೆ ಆ ಬೀದಿಯ ಯಾವ ಅಂಗಡಿಯವರೂ ಅವಳಿಗೆ ಕೆಲಸ ಕೊಡಲಿಲ್ಲ. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

"ನಿಮ್ಮ ಸಿಸಿಟಿವೀಲಿ ಏನಿದೆ ತೋರ್ಸಿ," ಎಂದು ದೊಡ್ಡಮ್ಮ ಮೂರು ದಿನ ಅವನ ಬಾಗಿಲು ಕಾದಳು. ನಾಲ್ಕನೆಯ ದಿನ ಮಾಲೀಕ ಕಾಟ ತಾಳಲಾರದೆ ಅವಳನ್ನೂ ಜೊತೆಗಿದ್ದ ನನ್ನನ್ನೂ ಅಂಗಡಿಯ ಹಿಂದಿನ ಕತ್ತಲೆ ಕೋಣೆಗೆ ಕರೆದ. ಅಲ್ಲಿಯವರೆಗೆ ಆ ಪುಣ್ಯಾತ್ಮ ಸಿಸಿಟಿವಿಯನ್ನು ತಾನೇ ನೋಡಿರಲಿಲ್ಲ! ಪರದೆಯಲ್ಲಿ ಅಕ್ಕ ಏಣಿ ಹತ್ತಿ ಎರಡೂ ಕೈಯಲ್ಲಿ ಡಬ್ಬ ಇಳಿಸುತ್ತಿದ್ದಳು. ಕೆಳಗೆ ಮಾಲೀಕನ ಭಾವಮೈದುನ ಗಾಜಿನ ಪೆಟ್ಟಿಗೆಯಿಂದ ವಾಚೆತ್ತಿ ಜೇಬಿಗೆ ಇಳಿಬಿಡುತ್ತಿದ್ದ.

"ನಿಲ್ಸಿ ಅಲ್ಲೇ!" ಎಂದಳು ದೊಡ್ಡಮ್ಮ. ಚಿತ್ರ ನಿಂತಿತು.

"ಹೋಗ್ಲಿ ಬಿಡಿ, ಆಗಿದ್ದಾಯ್ತು," ಎಂದ ಮಾಲೀಕ. "ನಾಳೆಯಿಂದ ಕೆಲಸಕ್ಕೆ ಬರ್ಲಿ."

"ಇದನ್ನ ನಂಗೆ ಕೊಡಿ."

"ಅದೆಲ್ಲ ಕೊಡೋಕಾಗಲ್ಲ. ನಾಳೆ ತಾನಾಗೇ ಅಳಿಸಿಹೋಗುತ್ತೆ."

ದೊಡ್ಡಮ್ಮ ಚೀಲದಿಂದ ಕ್ಯಾಮೆರಾ ತೆಗೆದಳು. ಫ್ಲಾಶ್ ಹೊಡೆಯಿತು; ಫೋಟೋದಲ್ಲಿ ಪರದೆಯ ಗಾಜಿನ ಮೇಲೆ ಬಿದ್ದ ಅದರ ಬೆಳಕು ಬಿಟ್ಟು ಬೇರೇನೂ ಇಲ್ಲ. ಫ್ಲಾಶ್ ಆರಿಸಿ ಮತ್ತೆ ತೆಗೆದಳು. ಸುತ್ತಲಿನ ಕತ್ತಲೆ ನೋಡಿ ಕ್ಯಾಮೆರಾ ಸಿಕ್ಕಿದಷ್ಟು ಬೆಳಕು ಬಾಚಿಕೊಂಡಿತ್ತು. ಪರದೆ ಹಾಲು ಚೆಲ್ಲಿದಂತೆ ಬೆಳ್ಳಗಾಗಿತ್ತು. ಮಾಲೀಕ ನಕ್ಕ.

"ಆ ಡಬ್ಬಾ ಕ್ಯಾಮೆರಾದಲ್ಲಿ ಏನಮ್ಮ ಬರುತ್ತೆ? ಎಷ್ಟು ಬೇಕೋ ತೆಕ್ಕೊಳ್ಳಿ."

ಆ ನಗುವಿಗೆ ಕಪಾಳಕ್ಕೆ ಬಿಗಿಯಬೇಕೆನಿಸಿತು ನನಗೆ. ಬರೀ ಹೊಲಿಗೆ ಮೆಷಿನ್ನಿನ ದೀಪದಲ್ಲಿ ತೆಗೆದ ಬಟ್ಟೆಯ ಫೋಟೋಗಳು ಹೀಗೇ ಕೆಡುತ್ತವೆಂದು ದೊಡ್ಡಮ್ಮನಿಗೆ ಗೊತ್ತಿತ್ತು. ಎದ್ದು ಹೋಗಿ ಟ್ಯೂಬ್‌ಲೈಟ್ ಹಾಕಿದಳು. ಅದು ಗಾಜಿನಲ್ಲಿ ಹೊಳೆಯದ ಜಾಗಕ್ಕೆ ಒಂದು ಹೆಜ್ಜೆ ಸರಿದು, ಕುರ್ಚಿಯ ಬೆನ್ನಿನ ಮೇಲೆ ಕ್ಯಾಮೆರಾ ಊರಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು.

ಎಲ್ಲ ಬಂದಿತ್ತು. ಏಣಿ ಮೇಲಿನ ಅಕ್ಕ, ವಾಚು, ಜೇಬಿನತ್ತ ಹೋಗುವ ಕೈ. ಲೈಟ್ ಹಾಕಿದ್ದರಿಂದ ಪರದೆಯ ಪಕ್ಕ ಹಲ್ಲು ಕಿರಿಯುತ್ತ ಕೂತ ಮಾಲೀಕನೂ ಬಂದಿದ್ದ.

ಅದನ್ನು ಪ್ರಿಂಟ್ ಹಾಕಿಸಿ ದೊಡ್ಡಮ್ಮ ತನ್ನ ಹೊಲಿಗೆ ಅಂಗಡಿಯ ಮುಂದಿನ ಗಾಜಿಗೆ ಅಂಟಿಸಿದಳು. ಎರಡೇ ದಿನಕ್ಕೆ ಮಾಲೀಕ ಎದ್ದುಬಿದ್ದು ಬಂದ.

"ಅಮ್ಮಾ, ನನ್ನ ಮಾನ ಹೋಗ್ತಿದೆ. ದಯವಿಟ್ಟು ತೆಗೀರಿ."

"ನನ್ನ ಮಗಳ ಬ್ಯಾಗ್ ಯಾರೆದುರು ಸುರಿದ್ರೋ ಅವರನ್ನೇ ಕರೆಸಿ. ಅವಳು ಕಳ್ಳಿ ಅಲ್ಲ, ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಿ. ಅದೇ ನಿಮಿಷ ತೆಗೀತೀನಿ."

ಆ ಮಾತು ಅವನ ಬಾಯಿಂದ ಇನ್ನೂ ಬಂದಿಲ್ಲ. ಅಕ್ಕ ಈಗ ಆ ಗಾಜಿನ ಹಿಂದೆಯೇ ಕೂತು ಹೊಲಿಯುತ್ತಾಳೆ. ಫೋಟೋ ಬಿಸಿಲಿಗೆ ಮಾಸಿಹೋಗಿತ್ತು. ಹೋದ ವಾರ ದೊಡ್ಡಮ್ಮ ಹೊಸದು ಹಾಕಿಸಿದಳು, ಮೊದಲಿನದಕ್ಕಿಂತ ದೊಡ್ಡದು.