ಮೇಜಿಗೆ ತಲುಪದ ರೊಟ್ಟಿ

ರೈಲು ನಿಂತದ್ದು ಮದರಾಸಿನ ಗಿಂಡಿ ಸ್ಟೇಷನ್ ದಾಟಿದ ಮೇಲೆ, ಅಡ್ಯಾರು ನದಿಯ ಸೇತುವೆಯ ಮೇಲೆ ಎಂದು ನಾನು ನಂಬಿದ್ದೇನೆ. ತಂಗಿ ಇದನ್ನು ಒಪ್ಪುವುದಿಲ್ಲ. ಗಿಂಡಿಗೆ ಮೊದಲೇ ನಿಂತಿತು, ಕಿಟಕಿಯ ಹೊರಗೆ ಇದ್ದದ್ದು ಒಂದು ಗೋಡೆ ಮತ್ತು ಎರಡು ಎಮ್ಮೆ, ನೀರನ್ನು ನೀನೇ ಆಮೇಲೆ ಸೇರಿಸಿದ್ದು ಎನ್ನುತ್ತಾಳೆ. ಇರಬಹುದು. ಬೈಬಲ್ ಓದಿ ಬೆಳೆದವರಿಗೆ ಕಥೆಯೊಂದು ಸಿಕ್ಕರೆ ಪಕ್ಕದಲ್ಲಿ ನದಿಯೂ ಇರಲಿ ಅನ್ನಿಸುತ್ತದೆ. ಅವಳ ಎಮ್ಮೆಗಳನ್ನೂ ಉಳಿಸಿಕೊಂಡು ಮುಂದೆ ಹೋಗುತ್ತೇನೆ.

ಎಪ್ಪತ್ತರ ದಶಕದ ಕೊನೆ. ನಾವು ಕ್ರೋಂಪೇಟೆಯಲ್ಲಿದ್ದೆವು. ಒಣಗಲು ಹಾಕಿದ ಬಟ್ಟೆಗೂ ಚರ್ಮ ಹದಮಾಡುವ ಕಾರ್ಖಾನೆಗಳ ವಾಸನೆ ಹತ್ತುತ್ತಿತ್ತು. ಅಪ್ಪ ರೈಲ್ವೆಯ ಸರಕು ಬುಕಿಂಗ್ ಕಚೇರಿಯಲ್ಲಿ ಗುಮಾಸ್ತ. ಉಳಿದ ಹೊತ್ತೆಲ್ಲ ಕನ್ನಡ ಸಭೆಯ ಹಿರಿಯ. ಸಭೆ ಎಂದರೆ ಮದರಾಸಿನ ಮೂಲೆಮೂಲೆಗಳಲ್ಲಿ ಚೆದುರಿದ್ದ ಕೆಲವು ಕ್ರೈಸ್ತ ಮನೆಗಳು. ಸ್ವಂತ ಚರ್ಚು ಇರಲಿಲ್ಲ. ಎಗ್ಮೋರಿನ ಹತ್ತಿರದ ತಮಿಳು ಚರ್ಚಿನವರು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ತಮ್ಮ ಕಟ್ಟಡವನ್ನು ನಮಗೆ ಬಿಟ್ಟುಕೊಡುತ್ತಿದ್ದರು. ಆ ದಿನ ಬೆಂಗಳೂರಿನಿಂದ ಪಾದ್ರಿ ಬರುತ್ತಿದ್ದರು. ಕರ್ತನ ಭೋಜನ ನಡೆಯುತ್ತಿತ್ತು. ಮುಂದಿನ ಮೇಜಿನ ಮೇಲಿಟ್ಟು ಪಾದ್ರಿ ಪ್ರಾರ್ಥನೆ ಮಾಡಿದ ಮೇಲೆ, ಯೇಸುವಿನ ನೆನಪಿಗೆ ಎಲ್ಲರಿಗೂ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಮಿಕ್ಕ ಸಂಜೆಗಳಲ್ಲಿ ಅಪ್ಪ ಸಭೆಯ ಮನೆಗಳಿಗೆ ಹೋಗಿ ಬರುತ್ತಿದ್ದ.

"ಸಭಾದಾಗ ಯಾರರ ಜಡ್ಡು ಬಿದ್ರ ಓಡ್ತಾನ. ಅವನ ಮಾರಿ ನೋಡಬೇಕಂದ್ರ ನಾವೂ ಜಡ್ಡು ಬೀಳಬೇಕೇನೋ," ಎನ್ನುತ್ತಿದ್ದಳು ಅಜ್ಜಿ, ಅಪ್ಪನ ತಾಯಿ.

ಕರ್ತನ ಭೋಜನದ ರೊಟ್ಟಿಯನ್ನು ಮಾಡುತ್ತಿದ್ದವಳು ಈ ಅಜ್ಜಿಯೇ. ಧಾರವಾಡದ ಕಡೆಯಲ್ಲಿದ್ದಾಗಲೂ ಆ ಕೆಲಸ ಅವಳದೇ ಆಗಿತ್ತಂತೆ. ಶನಿವಾರ ಸಂಜೆ ದಪ್ಪ ತಳದ ಪಾತ್ರೆಗೆ ಮರಳು ತುಂಬಿ, ಕೆಂಡದ ಮೇಲಿಟ್ಟು, ಮರಳಿನ ನಡುವೆ ಹಿಟ್ಟಿನ ಡಬ್ಬಿ ಹೂತು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದಳು. ಹಿಟ್ಟು ನಾದುವಾಗ ಮಾತಾಡುವಂತಿಲ್ಲ. ಬೆಂದ ಮೇಲೆ ಮನೆಯವರು ಯಾರೂ ರುಚಿ ನೋಡುವಂತಿಲ್ಲ. ಆ ಮರಳನ್ನೂ ಅವಳು ಊರಿನಿಂದಲೇ ಹೊತ್ತು ತಂದಿದ್ದಳು. ಸಮುದ್ರದ ಮರಳಿನ ಮೇಲೆ ಅವಳಿಗೆ ಭರವಸೆ ಇರಲಿಲ್ಲ.

ಸೊಸೆಯ ಮೇಲೂ ಇರಲಿಲ್ಲ. ಅಮ್ಮ ಮದರಾಸಿನಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡದಲ್ಲಿ ಅರ್ಧ ತಮಿಳು; ನಾನು, ತಂಗಿ ಉತ್ತರ ಕೊಡುತ್ತಿದ್ದುದಂತೂ ಪೂರ್ತಿ ತಮಿಳಿನಲ್ಲಿ. ಅಜ್ಜಿಯ ಕಣ್ಣಿಗೆ ಪೊರೆ ಬಂದು, ಒಂದು ಶನಿವಾರ ಕೆಂಡದ ಹದ ಕಾಣದೆ ರೊಟ್ಟಿ ಒಂದು ಮಗ್ಗುಲು ಸೀದಿತು. ಮುಂದಿನ ತಿಂಗಳು ಅವಳು ಪಾತ್ರೆಯನ್ನು ಅಮ್ಮನ ಮುಂದೆ ಇಟ್ಟು ಹೊರಗೆ ಹೋಗಿ ಕೂತಳು. ಅಮ್ಮ ಹಿಟ್ಟು ನಾದಿದಳು. ಆ ರೊಟ್ಟಿ ಮೇಜಿನ ಮೇಲೆ ಒಪ್ಪಿಗೆಯಾದರೆ ಅಮ್ಮ ಆ ಮನೆಗೆ ಪೂರ್ತಿ ಸೇರಿದ ಹಾಗೆ, ಇಲ್ಲವಾದರೆ ಇಲ್ಲ ಎಂಬುದು ನನಗೂ ಗೊತ್ತಿತ್ತು. ಮಕ್ಕಳಿಗೆ ಇಂಥದನ್ನು ಯಾರೂ ಹೇಳಬೇಕಾಗಿಲ್ಲ.

ಮರುದಿನ ಅಮ್ಮ ಬಸ್ಸಿನಲ್ಲಿ ಹೋಗೋಣ ಎಂದಳು. ರೈಲ್ವೆಯವರು ಮನೆಮಂದಿಯನ್ನು ಬಸ್ಸು ಹತ್ತಿಸಿದರೆ ಜನ ಏನೆಂದಾರು ಎಂದ ಅಪ್ಪ. ರೈಲಿನಲ್ಲೇ ಹೊರಟೆವು. ಎದುರುಬದುರು ಎರಡು ಬೆಂಚು, ನಾವು ಐದು ಜನ. ರೊಟ್ಟಿಯನ್ನಿಟ್ಟು ಬಿಳಿ ಬಟ್ಟೆ ಸುತ್ತಿದ ಬಿಸ್ಕತ್ತಿನ ಡಬ್ಬಿ ಅಮ್ಮನ ತೊಡೆಯ ಮೇಲೆ.

ಮತ್ತೆ ನಿಂತ ರೈಲಿಗೆ ಬರುತ್ತೇನೆ. ಫ್ಯಾನು ನಿಧಾನವಾಗಿ ಸತ್ತಿತು. ಅಪ್ಪ ಇಳಿದು ಹಳಿಯ ಪಕ್ಕದಲ್ಲೇ ಮುಂದಕ್ಕೆ ಹೋಗಿ ಬಂದ.

"ಮ್ಯಾಲಿನ ತಂತಿ ಹರಿದದ. ಸರಿ ಮಾಡ್ಲಿಕ್ಕೆ ಜನ ಬರಬೇಕು. ಇನ್ನೇನು ಬರ್ತಾರ."

"ರೀ, ಬಸ್ಸಲ್ಲಿ ಪೋಗಲಾಂ ಅಂತ ಆಗಲೇ ಹೇಳಿದೆನಲ್ಲ."

"ಬಸ್ಸೂ ಕೆಡ್ತಾವ."

"ಕೆಟ್ಟರೆ ಇಳಿದು ಇನ್ನೊಂದು ಬಸ್ಸು ಹತ್ತಬಹುದು."

ಅಪ್ಪ ಇನ್ನೊಂದು ಸಲ ಇಳಿದು ಹೋದ. ಇನ್ನೊಂದು ಸಲ ಅದೇ ಸುದ್ದಿ ತಂದ. ಉಳಿದ ಪ್ರಯಾಣಿಕರು ಒಬ್ಬೊಬ್ಬರಾಗಿ ಹಳಿಗುಂಟ ನಡೆದು ಹೋದರು. ಅಜ್ಜಿಯ ಮಂಡಿ, ಅವಳ ಕಣ್ಣು, ನಾವು ಇಳಿಯುವಂತಿರಲಿಲ್ಲ. ಆರಾಧನೆಯ ಹೊತ್ತು ಬಂತು, ಕಳೆಯಿತು. ಅಮ್ಮ ಅಳಲಿಲ್ಲ. ಡಬ್ಬಿಯ ಗಂಟನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದಳು.

ಅಲ್ಲಿ ಅಪ್ಪನಿಗೆ ಹೋಗಿ ಬರಲು ಸಭೆಯ ಮನೆಗಳಿರಲಿಲ್ಲ. ಕೂತ. ಅಷ್ಟು ಹೊತ್ತು ಅವನು ನಮ್ಮೆದುರು ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನ್ನ ಹಲ್ಲು ಬಿದ್ದ ಜಾಗ ನೋಡಿ, "ಇದು ಯಾವಾಗ ಬಿತ್ತು?" ಎಂದು ಕೇಳಿದ. ಬಿದ್ದು ಬಹಳ ದಿನವಾಗಿತ್ತು. ಹಾಗೆ ಹೇಳಿದೆನೋ, "ಈಗ" ಎಂದೆನೋ ನೆನಪಿಲ್ಲ. ಅವನು ಸರಕಿನ ಜೊತೆ ಬರುವ ಕೋಳಿಗಳ ಕಥೆ ಹೇಳಿದ. ಬುಟ್ಟಿಯಿಂದ ತಪ್ಪಿಸಿಕೊಂಡ ಹುಂಜವೊಂದು ಸಾಹೇಬರ ಕುರ್ಚಿ ಹತ್ತಿದ್ದು. ಅಪ್ಪ ಹುಂಜದ ಹಾಗೆ ಕತ್ತು ತಿರುಗಿಸಿ ತೋರಿಸಿದ. ಅವನಿಗೆ ಅದು ಬರುತ್ತದೆಂದು ನಮಗೆ ಗೊತ್ತಿರಲಿಲ್ಲ. ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು.

ತಂಗಿಗೆ ಹಸಿವಾದದ್ದು ಆಗ. "ಅಮ್ಮಾ, ಪಸಿಕ್ಕುದು," ಎಂದಳು. ಅಜ್ಜಿಗೆ ತಿಳಿಯುತ್ತಿದ್ದ ಕೆಲವೇ ತಮಿಳು ಮಾತುಗಳಲ್ಲಿ ಅದೊಂದು.

"ಡಬ್ಬಿ ತಗಿ," ಎಂದಳು ಅಜ್ಜಿ.

"ಬೇಡ ಅತ್ತೆ. ಇದು ಮೇಜಿನ ರೊಟ್ಟಿ."

"ಮೇಜು ಎಲ್ಲದ ಇಲ್ಲಿ? ಪಾದ್ರಿ ಪ್ರಾರ್ಥನಿ ಮಾಡಿಲ್ಲ. ಇನ್ನೂ ಬರೇ ರೊಟ್ಟಿ ಅದು. ಕೂಸು ಹಸದು ಕೂತಿರಬೇಕಾದ್ರ ಗಂಟು ಕಟ್ಟಿ ಇಡ್ತೀಯೇನು?"

ಅಮ್ಮ ಅಪ್ಪನನ್ನು ನೋಡಿದಳು. "ಅವ್ವ ಹೇಳೋದು ಖರೇ," ಎಂದ ಸಭೆಯ ಹಿರಿಯ.

ನೆನಪಿಗೆ ಬಿಟ್ಟರೆ ಇಲ್ಲಿ ಅಪ್ಪ ರೊಟ್ಟಿಯನ್ನು ಎತ್ತಿ ಮುರಿಯುತ್ತಾನೆ, ಕಿಟಕಿಯಿಂದ ಇಳಿಬಿಸಿಲು ಬೀಳುತ್ತದೆ. ಅದು ಹಾಗೆ ನಡೆಯಲಿಲ್ಲ. ಅಪ್ಪ ಪೆನ್ಸಿಲ್ ಕೆತ್ತುವ ಚಾಕು ಕೊಟ್ಟ, ಅಮ್ಮ ಅದನ್ನು ಸೆರಗಿಗೆ ಒರೆಸಿ ದಪ್ಪ ದಪ್ಪ ಹೋಳು ಮಾಡಿದಳು. ಪ್ರಾರ್ಥನೆ ಮಾತ್ರ ಅಪ್ಪನದು. ಪಾದ್ರಿಯ ಪ್ರಾರ್ಥನೆಯಂತೆ ಎಲ್ಲಿ ಕೇಳಿಸೀತೋ ಎಂಬ ಭಯಕ್ಕೆ, ಮನೆಯಲ್ಲಿ ಸಾರು ಅನ್ನಕ್ಕೆ ಹೇಳುವುದನ್ನೇ ಇನ್ನೂ ಮೊಟಕು ಮಾಡಿದ. "ದೇವರೇ, ಊಟಕ್ಕೆ ಸ್ತೋತ್ರ. ಆಮೆನ್."

ಮೊದಲ ಹೋಳು ಅಜ್ಜಿಗೆ. ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು, ಬೆರಳಿನಿಂದ ಒತ್ತಿದಳು, ಬಾಯಿಗಿಟ್ಟಳು. ಅಮ್ಮ ತಿನ್ನದೆ ಕಾಯುತ್ತಿದ್ದಳು. ನಾವೂ ಅಗಿಯುವುದನ್ನು ನಿಲ್ಲಿಸಿದೆವು.

"ಉಪ್ಪು ಒಂದು ಚೂರು ಕಮ್ಮಿ," ಎಂದಳು ಅಜ್ಜಿ. ಇನ್ನೊಂದು ತುಂಡು ಮುರಿದುಕೊಂಡಳು. ಆಮೇಲೆ, ಯಾರಿಗೆ ಹೇಳಿದಳೋ, ಹೊರಗೆ ನೋಡುತ್ತ ಹೇಳಿದಳು: "ಇಷ್ಟು ವರ್ಷ ಮಾಡೀನಿ. ಉಗುರಿನಷ್ಟು ಚೂರು ಬಿಟ್ಟು ತಿಂದಿದ್ದಿಲ್ಲ. ಹೊಟ್ಟಿತುಂಬ ತಿಂದ್ರ ಹಿಂಗಿರ್ತದೇನು ಇದು."

"ಚೆನ್ನಾಗಿಲ್ಲವಾ ಅತ್ತೆ?"

"ಚಲೋ ಆಗೇದ. ನೀನೂ ತಿನ್ನು. ಏನು ನನ್ನ ಬಾಯಿ ನೋಡ್ಕೋತ ಕೂತಿ?"

ಆಶೀರ್ವಾದವೆಂದರೆ ಆರಾಧನೆಯ ಕೊನೆಗೆ ಪಾದ್ರಿಯ ಎತ್ತಿದ ಕೈಯಿಂದ ಬರುವುದು ಎಂದು ನಾನು ತಿಳಿದಿದ್ದೆ. ಆ ದಿನ ನಮಗೆ ಅದು ತಪ್ಪಿಹೋಯಿತು ಎಂದೇ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಆದರೆ ಆಗಲೇ ಹೊಳೆದಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಆಗ ಹೊಳೆದದ್ದು ಇನ್ನೊಂದು ಹೋಳು ಉಳಿದಿದೆ ಎಂಬುದಷ್ಟೇ.

ರೈಲು ಹೇಳದೆ ಕೇಳದೆ ಹೊರಟಿತು. ಮುಂದೆ ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದು, ದಾಟುವ ಸೇತುವೆ ಹತ್ತಿ, ಎದುರು ಪ್ಲಾಟ್‌ಫಾರ್ಮಿನಿಂದ ಮನೆಗೆ ಮರಳಿದೆವು. ಅಜ್ಜಿ ಮೆಟ್ಟಿಲು ಹತ್ತಿದ್ದು ಅಮ್ಮನ ತೋಳು ಹಿಡಿದು. ಚರ್ಚಿನಲ್ಲಿ ಯಾರೋ ಓಡಿ ಹೋಗಿ ಅಂಗಡಿಯಿಂದ ಬ್ರೆಡ್ಡು ತಂದರೆಂದೂ ಆರಾಧನೆ ಸರಾಗವಾಗಿ ನಡೆಯಿತೆಂದೂ ಆಮೇಲೆ ತಿಳಿಯಿತು. "ಅಂಗಡಿ ಬ್ರೆಡ್ಡು," ಎಂದು ಅತ್ತೆ ಸೊಸೆ ಒಂದೇ ದನಿಯಲ್ಲಿ ಹೇಳಿದರು.

ಅಪ್ಪ ಅಂದಿನಿಂದ ಬದಲಾದ ಎಂದು ಬರೆಯುವ ಆಸೆಯಿದೆ. ಬದಲಾಗಲಿಲ್ಲ. ಮರುದಿನ ಸಂಜೆಯೇ ಯಾರದೋ ಜ್ವರ ನೋಡಲು ಹೋದ. ಬದಲಾದದ್ದು ಶನಿವಾರದ ಅಡುಗೆ ಮನೆ. ಮುಂದಿನ ತಿಂಗಳು ಅಮ್ಮ ಹಿಟ್ಟಿಗೆ ಕೈ ಹಾಕಿದಾಗ ಅಜ್ಜಿ ಹೊರಗೆ ಹೋಗಿ ಕೂರಲಿಲ್ಲ. ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು, ನಾದುವಾಗ ಮಾತಾಡಬಾರದೆಂಬ ತನ್ನ ನಿಯಮವನ್ನು ತಾನೇ ಮುರಿದಳು.

"ಎರಡು ಮಾಡು," ಎಂದಳು. "ಒಂದು ಮೇಜಿಗೆ. ಒಂದು ನಮಗ."

ಎರಡನೆಯದರಲ್ಲಿ ಅಪ್ಪನ ಪಾಲನ್ನು ತಟ್ಟೆ ಮುಚ್ಚಿ ಇಡುತ್ತಿದ್ದರು. ಕೆಲವೊಮ್ಮೆ ಅವನು ಬರುವಷ್ಟರಲ್ಲಿ ಅದು ಇನ್ನೂ ಬೆಚ್ಚಗಿರುತ್ತಿತ್ತು.