ಜಗಳದ ಪಾಠವಿಲ್ಲದ ಪುಸ್ತಕ

ನಮ್ಮ ದೊಡ್ಡಮ್ಮನ ಹೊಲಿಗೆಯನ್ನು ಎಷ್ಟು ಹೊಗಳಿದರೂ ಸಾಲದು, ನಾಲಿಗೆಯ ಸುದ್ದಿ ಮಾತ್ರ ಬೇಡ. ಅವಳು ಕಣ್ಣಲ್ಲೇ ಬಟ್ಟೆ ಅಳೆದುಬಿಟ್ಟರೆ ಟೇಪು ಸುಮ್ಮನೆ ಹೌದೆನ್ನಬೇಕು. ಮನುಷ್ಯರನ್ನೂ ಹಾಗೇ ಅಳೆಯುತ್ತಿದ್ದಳು. ಅವಳ ಅಳತೆಗೆ ಎಲ್ಲರೂ ಒಂದೆರಡು ಇಂಚು ಕಡಿಮೆಯೇ ಬೀಳುತ್ತಿದ್ದರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಕೆಳಗೆ ದೊಡ್ಡಮ್ಮನ ಮಿಷನ್ನು, ಎದುರು ಗೋಡೆಗೆ ಅವಳ ಸೊಸೆಯ, ಅಂದರೆ ನನ್ನ ಅತ್ತಿಗೆಯ ಮಿಷನ್ನು. ನಡುವೆ ಇಸ್ತ್ರಿ ಮೇಜಿನ ಹಿಂದೆ ದೊಡ್ಡಮ್ಮನ ಮಗ, ನಮ್ಮಣ್ಣ. ನಾನಿರುವುದು ಮಹಡಿಯಲ್ಲಿ. ಮೆಟ್ಟಿಲ ಮೇಲೆ ಕೂತರೆ ಅಂಗಡಿಯಲ್ಲಿ ನಡೆಯುವುದೆಲ್ಲ ಕಾಣುತ್ತದೆ, ಕೇಳುತ್ತದೆ. ಹಾಗಾಗಿ ಅಲ್ಲೇ ಕೂರುತ್ತಿದ್ದೆ.

ಅತ್ತಿಗೆ ಒಂದು ದಿನ ದೊಡ್ಡಮ್ಮನ ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಿಬಿಟ್ಟಳು. ಹೊಲಿಯುವವರ ಮನೆಯಲ್ಲಿ ಇದು ಸಣ್ಣ ತಪ್ಪಲ್ಲ. ಕಾಗದದ ರುಚಿ ಕಂಡ ಕತ್ತರಿ ಆಮೇಲೆ ಬಟ್ಟೆಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ದೊಡ್ಡಮ್ಮ ಸೊಸೆಯ ಜೊತೆ ಮಾತು ಬಿಟ್ಟಳು. ಅತ್ತಿಗೆಯೇನು ಕಡಿಮೆಯೇ? ಅವಳೂ ಬಿಟ್ಟಳು.

"ನಿನ್ನ ಹೆಂಡ್ತಿಗೆ ಹೇಳು, ತೋಳು ಗಿಡ್ಡ ಆಯ್ತು ಅಂತ."

"ನಿಮ್ಮಮ್ಮಂಗೆ ಹೇಳಿ, ಅಳತೆ ತಗೊಂಡಿದ್ದು ಅವ್ರೇ ಅಂತ."

ಇಬ್ಬರೂ ಕೈಚಾಚಿದರೆ ಮುಟ್ಟುವಷ್ಟು ದೂರದಲ್ಲಿದ್ದರು. ಅಣ್ಣ ಮಾತ್ರ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದ.

ಕೊನೆಗೆ ಕೋಣೆಗೆ ಅಡ್ಡ ಹಲಗೆ ಹೊಡೆಸಿ ಎರಡು ಅಂಗಡಿ ಮಾಡುವುದೆಂದಾಯಿತು. ಅಂಗಡಿ ಎರಡಾದರೆ ಒಲೆಯೂ ಎರಡಾಗುತ್ತದೆ ಎಂಬುದು ಅಣ್ಣನಿಗೆ ಗೊತ್ತಿತ್ತು. ಹಲಗೆಗಳು ಬಂದು ಗೋಡೆಗೆ ಒರಗಿದವು. ಅಳತೆ ತೆಗೆದ ಬಡಗಿ ಕೇಳಿದ, "ಇಸ್ತ್ರಿ ಮೇಜು ಯಾವ ಕಡೆಗೆ ಬರ್ಬೇಕು?"

ಅಣ್ಣ ಇಸ್ತ್ರಿಯಾಗಿದ್ದ ಅಂಗಿಯನ್ನೇ ಮತ್ತೆ ಹರವಿ ತಿಕ್ಕತೊಡಗಿದ.

"ಯೋಚ್ನೆ ಮಾಡಿಡಿ, ಕೈಲಿರೋ ಕೆಲ್ಸ ಮುಗಿಸ್ಕೊಂಡು ಬರ್ತೀನಿ" ಎಂದು ಬಡಗಿ ಹೋದ. ಬಡಗಿಯ ಮಾತು ಗೊತ್ತಲ್ಲ, ತಿಂಗಳಾದರೂ ಪತ್ತೆಯಿಲ್ಲ. ಒಬ್ಬ ಮನುಷ್ಯನ ಸೋಮಾರಿತನಕ್ಕೆ ಅಣ್ಣ ಅಷ್ಟು ಋಣಿಯಾಗಿದ್ದುದನ್ನು ನಾನು ಬೇರೆಂದೂ ಕಂಡಿಲ್ಲ.

ಅಷ್ಟರಲ್ಲಿ ಎದುರಿನ ಹೊಸ ಕಟ್ಟಡದವರು ಬಟ್ಟೆ ತರತೊಡಗಿದರು. ಅವರದೆಲ್ಲ ಇಂಗ್ಲಿಷ್ ಮಾತು. ನಾಳೆ ಅಂಗಡಿ ಎರಡಾದರೆ ಗಿರಾಕಿ ಹೋಗುವುದು ಇಂಗ್ಲಿಷ್ ಬಂದವರ ಕಡೆಗೇ ತಾನೆ? ಅತ್ತಿಗೆ ಸದ್ದಿಲ್ಲದೆ ಪಕ್ಕದ ಬೀದಿಯ ಸಂಜೆ ಕ್ಲಾಸಿಗೆ ಸೇರಿದಳು. ಆ ಸದ್ದನ್ನು ದೊಡ್ಡಮ್ಮನ ಕಿವಿಗೆ ಮುಟ್ಟಿಸಿದವಳು ನಾನು. ಮರುದಿನವೇ ದೊಡ್ಡಮ್ಮನೂ ಹೋಗಿ ಸೇರಿದಳು.

ಕ್ಲಾಸಿನಲ್ಲಿ ಖಾಲಿ ಇದ್ದದ್ದು ಸೊಸೆಯ ಪಕ್ಕದ ಜಾಗ ಒಂದೇ. ಟೀಚರು ವಯಸ್ಸಿನಲ್ಲಿ ಚಿಕ್ಕವಳಾದರೂ ಕಟ್ಟುನಿಟ್ಟಿನವಳು. ಒಂದು ಬೆಂಚಿನವರು ಒಂದು ಜೋಡಿ, ಪಾಠದಲ್ಲಿರುವ ಮಾತನ್ನು ದಿನವೂ ಮನೆಯಲ್ಲಿ ಆಡಿ ಬಂದು ಒಪ್ಪಿಸಬೇಕು ಎಂದಳು. ಸೊಸೆಯ ಮುಂದೆ 'ನನ್ನ ಕೈಲಾಗಲ್ಲ' ಎನ್ನುವ ಬದಲು ದೊಡ್ಡಮ್ಮ ಪ್ರಾಣ ಬೇಕಾದರೂ ಬಿಟ್ಟಾಳು.

ಅಂದು ರಾತ್ರಿ ಊಟಕ್ಕೆ ಮುಂಚೆ ದೊಡ್ಡಮ್ಮ ಗೋಡೆ ನೋಡುತ್ತ ಗದರಿದಳು, "ಗುಡ್ ಈವ್ನಿಂಗ್. ಹೌ ಆರ್ ಯೂ?"

ಅತ್ತಿಗೆ ಸೂಜಿಯತ್ತ ನೋಡುತ್ತ ಅಷ್ಟೇ ಜೋರಾಗಿ, "ಫೈನ್. ಥ್ಯಾಂಕ್ ಯೂ" ಎಂದಳು.

ಅಣ್ಣನ ಇಸ್ತ್ರಿ ಪೆಟ್ಟಿಗೆ ಯಾರದೋ ಅಂಗಿಯ ಮೇಲೆ ಹಾಗೇ ನಿಂತಿತು. ಸುಟ್ಟ ವಾಸನೆ ಮೆಟ್ಟಿಲವರೆಗೂ ಬಂತು.

ಮಜಾ ಏನೆಂದರೆ, ಆ ಪುಸ್ತಕದಲ್ಲಿ ಜಗಳಕ್ಕೆ ಬೇಕಾದ ಸಾಮಾನೇ ಇರಲಿಲ್ಲ. ಟೀ ಕುಡಿಯುತ್ತೀರಾ, ದಯವಿಟ್ಟು ಕೂತುಕೊಳ್ಳಿ, ಇವತ್ತು ಬಿಸಿಲು ಚೆನ್ನಾಗಿದೆ, ಬರೀ ಇಂಥವೇ. ಪಾಠ ಒಪ್ಪಿಸಲೆಂದು ದೊಡ್ಡಮ್ಮ ಸೊಸೆಯನ್ನು ಟೀ ಕುಡಿಯುತ್ತೀರಾ ಎಂದು ಕೇಳಿದಳು. ಕೇಳಿದ ಮೇಲೆ ತಾನೇ ಮಾಡಿಕೊಡಬೇಕಾಯಿತು. ಒಮ್ಮೆ ಸೊಸೆ ಹೊಲಿದ ಕುಪ್ಪಸ ಕಂಡು ದೊಡ್ಡಮ್ಮನಿಗೆ ಮೈಯೆಲ್ಲ ಉರಿಯಿತು. ಕನ್ನಡವಾಗಿದ್ದರೆ ಅತ್ತಿಗೆಯ ತವರಿನವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದಳು. ಎಷ್ಟು ತಡಕಾಡಿದರೂ ಸಿಕ್ಕಿದ್ದು ಇಷ್ಟೇ:

"ದಿ ನೆಕ್ ಈಸ್ ಬಿಗ್."

ಅತ್ತಿಗೆ ಬಟ್ಟೆ ಎತ್ತಿ ನೋಡಿದಳು. "ಯೆಸ್. ವೆರಿ ಬಿಗ್."

ಜಗಳ ಅಲ್ಲಿಗೇ ಮುಗಿಯಿತು. ಅತ್ತಿಗೆ ಹೊಲಿಗೆ ಬಿಚ್ಚಲು ಕೂತಳು.

ಅಣ್ಣನಿಗೆ ಇಂಗ್ಲಿಷಿನ ಗಂಧಗಾಳಿಯಿಲ್ಲ. ಆದರೂ ಅದು ಕೇಳಿಸುತ್ತಿದ್ದರೆ ನೆಮ್ಮದಿಯಾಗಿ ಉಣ್ಣುತ್ತಿದ್ದ. ನನಗೆ ಹೊಟ್ಟೆಕಿಚ್ಚೋ ಏನೋ, ಸುಮ್ಮನಿರಲಾರದೆ ಹೇಳಿಬಿಟ್ಟೆ, "ಅಣ್ಣಾ, ಇದು ಮೊದ್ಲನೇ ಪುಸ್ತಕ. ಎರಡನೇದ್ರಲ್ಲಿ ದೂರು ಹೇಳೋ ಪಾಠ ಇದೆ."

ಅಣ್ಣ ನೇರ ಟೀಚರ ಬಳಿಗೆ ಓಡಿದ. "ಅಮ್ಮಾ, ಇಬ್ರನ್ನೂ ಫೇಲ್ ಮಾಡಿಬಿಡಿ. ನಿಮ್ಮ ಉಪಕಾರ ಮರೆಯಲ್ಲ."

"ಇಡೀ ಕ್ಲಾಸಿಗೇ ಅವ್ರಿಬ್ರೇ ಮುಂದೆ. ಹೇಗ್ರೀ ಫೇಲ್ ಮಾಡ್ಲಿ?" ಎಂದಳು ಟೀಚರು.

ಅಣ್ಣನ ಗ್ರಹಚಾರ ನೋಡಿ, ಎರಡನೇ ಪುಸ್ತಕದ ದೂರಿನ ಪಾಠ ಕಲಿತು ಅತ್ತೆಸೊಸೆ ಮನೆಗೆ ಬರುವುದಕ್ಕೂ ಬಡಗಿ ಗರಗಸ ಹಿಡಿದು ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. "ಯೋಚ್ನೆ ಮಾಡಿದ್ರಾ? ಮೇಜು ಯಾವ ಕಡೆಗೆ?"

ಅಣ್ಣ ನೆಲ ನೋಡಿದ. ದೊಡ್ಡಮ್ಮ ಮಿಷನ್ನಿನ ಖಾನೆಯಿಂದ ಆ ಕತ್ತರಿ ತೆಗೆದು ಸೊಸೆಯ ಮುಂದೆ ಟಕ್ಕನೆ ಇಟ್ಟಳು.

"ಎಕ್ಸ್‌ಕ್ಯೂಸ್ ಮಿ. ಐ ಹ್ಯಾವ್ ಎ ಕಂಪ್ಲೇಂಟ್. ದಿಸ್ ಈಸ್ ನಾಟ್ ಕಟಿಂಗ್."

ಪಾಠದಲ್ಲಿ ಅತ್ತಿಗೆ ಅಂಗಡಿಯವಳು. ಅಂಗಡಿಯವಳ ಉತ್ತರ ಪುಸ್ತಕದಲ್ಲೇ ಇತ್ತು, ಅವಳಿಗೆ ಬಾಯಿಪಾಠವೂ ಆಗಿತ್ತು. ಆದರೂ ಈ ಸಲ ಸೂಜಿಯತ್ತ ನೋಡುತ್ತ ಹೇಳಲಿಲ್ಲ. ಮೊದಲ ಬಾರಿಗೆ ಅತ್ತೆಯ ಮುಖ ನೋಡಿಯೇ ಹೇಳಿದಳು.

"ಐ ಆಮ್ ವೆರಿ ಸಾರಿ, ಮೇಡಂ."

ಮುಂದಿನ ಮಾತು ದೊಡ್ಡಮ್ಮನದು. ಅವಳಿಗೆ ಅದು ಮರೆತೇಹೋಯಿತು. ಕತ್ತರಿಯನ್ನು ಸೆರಗಲ್ಲಿ ಒರೆಸಿದಳು, ಒರೆಸುತ್ತಲೇ ಇದ್ದಳು.

"ಇರ್ಲಿ ಬಿಡಮ್ಮ" ಎಂದಳು ಕೊನೆಗೆ, ಕನ್ನಡದಲ್ಲಿ. "ಸಾಣೆ ಹಿಡಿಸಿದ್ರಾಯ್ತು."

ನನಗೂ ಕಣ್ಣು ತುಂಬಿ ಬಂತು. ಆದರೆ ಬಡಗಿಗೆ ಅದೆಲ್ಲ ಎಲ್ಲಿ ತಿಳಿಯಬೇಕು? "ಮೇಜು..." ಎಂದ.

"ಇದ್ದಲ್ಲೇ ಇರುತ್ತೆ" ಎಂದಳು ದೊಡ್ಡಮ್ಮ. "ಆ ಹಲಗೆಲಿ ಬಟ್ಟೆ ಕತ್ತರಿಸೋಕೆ ಒಂದು ದೊಡ್ಡ ಮೇಜು ಮಾಡಿಕೊಡು. ಇಬ್ರಿಗೂ ಸಾಕಾಗೋ ಹಾಗಿರ್ಲಿ."

ಪಾಠ ಇನ್ನೂ ಅರ್ಧ ಉಳಿದಿತ್ತು. ಈಗ ದೂರು ಹೇಳುವ ಸರದಿ ಅತ್ತಿಗೆಯದು. ಅವಳು ಸುತ್ತ ಕಣ್ಣಾಡಿಸಿ ಇಸ್ತ್ರಿ ಮೇಜಿನ ಕಡೆ ಬೆರಳು ತೋರಿಸಿದಳು.

"ಎಕ್ಸ್‌ಕ್ಯೂಸ್ ಮಿ. ದಿಸ್ ಹಸ್ಬೆಂಡ್ ಈಸ್ ನಾಟ್ ಟಾಕಿಂಗ್."

ದೊಡ್ಡಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಸಾರಿ, ಮೇಡಂ. ಓಲ್ಡ್ ಸ್ಟಾಕ್. ನೋ ರಿಟರ್ನ್."

"ಓಕೆ" ಎಂದಳು ಅತ್ತಿಗೆ. "ಐ ವಿಲ್ ಕೀಪ್."

ಇಬ್ಬರೂ ನಗುವುದನ್ನು ಕಂಡು ಅಣ್ಣನ ಮುಖ ಬಿಳಿಚಿತು. ಮೆಟ್ಟಿಲ ಕಡೆ ಕತ್ತೆತ್ತಿ ಮೆಲ್ಲಗೆ ಕೇಳಿದ, "ಏನಂತೇ? ಏನಂತೆ ತೀರ್ಮಾನ?"

"ನಿನ್ನನ್ನ ಇಟ್ಕೋತಾರಂತೆ" ಎಂದೆ.